ಆಫ್ ಮಾಡಬಾರದ ಕಾರು

ಸಾಹುಕಾರ ವಿರೂಪಣ್ಣನವರ ಹಳೇ ಕಾರಿನದು ರೋಟರಿ ಎಂಜಿನ್. ಮೆಕ್ಯಾನಿಕ್ ಅದರ ಕಂಪ್ರೆಷನ್, ಅಂದರೆ ಒಳಗಿನ ಒತ್ತಡ, ಅಳೆದು ನೋಡಿದ. ಪಿಸ್ಟನ್ ಬದಲು ಒಳಗೆ ತಿರುಗುವ ತ್ರಿಕೋನ ರೋಟರಿನ ಮೂರು ಮುಖಗಳಲ್ಲಿ ಎರಡರ ಒತ್ತಡ ಬಿದ್ದುಹೋಗಿತ್ತು. ಬಿಸಿ ಎಂಜಿನ್ ಆಫ್ ಮಾಡಿದರೆ ತಣ್ಣಗಾಗುವವರೆಗೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ.

"ಡಾಕ್ಟರಮ್ಮ ಕೊಳ್ಳೋಕೆ ಬರ್ತಾರೆ. ಎಂಜಿನ್ ಚೆನ್ನಾಗಿದೆ ಅನ್ನು. ಇಲ್ಲಾಂದ್ರೆ ನನ್ನ ಜಾಗದಿಂದ ನಿನ್ನ ಶೆಡ್ ಎತ್ತು" ಅಂದರು ಸಾಹುಕಾರರು.

ಡಾಕ್ಟರಮ್ಮ ಊರೂರಿಗೆ ಹೆರಿಗೆ ಮಾಡಿಸಲು ಹೋಗುವವರು. ಅವರು ಬಂದಾಗ ಸಾಹುಕಾರರು ಒಂದು ಸುತ್ತು ಓಡಿಸಿ ತೋರಿಸಿ, ಆಫ್ ಮಾಡಿ, ಅವರತ್ತ ಕೀ ಚಾಚಿದರು.

"ಎಂಜಿನ್ ಚೆನ್ನಾಗಿದೆ ಡಾಕ್ಟ್ರೇ" ಅಂದ ಮೆಕ್ಯಾನಿಕ್. "ದಾರೀಲಿ ಆಫ್ ಮಾತ್ರ ಮಾಡಬೇಡಿ. ಮಾಡಿದ್ರೆ, ಬಾಣಂತಿಗೆ ರಕ್ತ ಹೋಗ್ತಿದ್ರೂ ಇದು ತಣ್ಣಗಾಗೋವರೆಗೆ ಕಾಯಬೇಕು."

ಡಾಕ್ಟರಮ್ಮ ಕೀ ಮುಟ್ಟದೆ ಹೊರಟುಹೋದರು.

"ಈಗಲೇ ಶೆಡ್ ಖಾಲಿ ಮಾಡು!" ಎಂದು ಅಬ್ಬರಿಸಿ ಸಾಹುಕಾರರು ಕಾರು ಹತ್ತಿದರು. ಅದು ಸ್ಟಾರ್ಟ್ ಆಗಲಿಲ್ಲ. "ಬಾರೋ, ತಳ್ಳು!"

"ಶೆಡ್ ಖಾಲಿ ಮಾಡ್ತಾ ಇದೀನಿ ಸಾಹುಕಾರ್ರೇ, ಪುರುಸೊತ್ತಿಲ್ಲ" ಅಂದ ಮೆಕ್ಯಾನಿಕ್.