ಜುಟ್ಟು ಇಳಿಬಿಟ್ಟ ಪಿಕಳಾರ

ಹರೆಯದ ಪಿಕಳಾರವೊಂದು ಓರಗೆಯ ಹಕ್ಕಿಗಳಂತೆ ತನ್ನ ಜುಟ್ಟನ್ನು ಒಂದು ಕಣ್ಣಿನ ಮೇಲೆ ಇಳಿಬಿಟ್ಟು, ಕಣ್ಣ ಸುತ್ತ ಒಲೆಯ ಮಸಿ ಬಳಿದುಕೊಂಡು, ನುಗ್ಗೆಮರದಲ್ಲಿ ಕೂತು ನಿಟ್ಟುಸಿರು ಬಿಡುತ್ತಿತ್ತು.

ಕೆಳಗೆ ಮೊಟ್ಟೆಗಳಿಗೆ ಕಾವು ಕೊಡುತ್ತಿದ್ದ ಹೇಂಟೆ ಕೇಳಿತು: “ಏನಪ್ಪಾ ನಿನಗೆ ಬಂದ ದುಃಖ?”

“ಗೊತ್ತಿಲ್ಲ ಅತ್ತೆ, ಸುಮ್ಮನೆ ಬರುತ್ತದೆ.”

“ಮೂರು ಹೊತ್ತೂ ಹಣ್ಣು ತಿಂದವರಿಗೆ ಬರುವ ದುಃಖ! ಹೋಗು, ಮೊದಲು ಮುಖ ತೊಳೆದುಕೋ” ಎಂದು ಹೇಂಟೆ ನಕ್ಕಿತು.

ಮರುದಿನ ಹೇಂಟೆ ನೀರು ಕುಡಿದು ಬರುವಷ್ಟರಲ್ಲಿ ಮುಂಗುಸಿಯೊಂದು ಮೊಟ್ಟೆಗಳನ್ನೆಲ್ಲ ಒಡೆದು ಕುಡಿದು ಹೋಗಿತ್ತು. ಬಾತು ಬಂದು, “ಧೈರ್ಯ ತಂದುಕೋ, ಮತ್ತೆ ಇಟ್ಟರಾಯಿತು” ಎಂದಿತು. ಹುಂಜ, “ಅತ್ತರೆ ಹೋದದ್ದು ಬರುತ್ತದೆಯೇ?” ಎಂದು ಗದರಿತು. ಹೇಂಟೆ ಕೊಕ್ಕು ಬಿಗಿದು ಕೂತಿತು.

ಪಿಕಳಾರ ಇಳಿದು ಬಂದು ಪಕ್ಕದಲ್ಲಿ ಕೂತು ಅಳತೊಡಗಿತು.

“ಮೊಟ್ಟೆ ನನ್ನದು. ನೀನೇಕೆ ಅಳುತ್ತೀಯೆ?” ಎಂದಿತು ಹೇಂಟೆ.

“ನೀವು ಅಳುತ್ತಿಲ್ಲವಲ್ಲ ಅತ್ತೆ.”

ಆಗ ಹೇಂಟೆ ಹಿತ್ತಲೆಲ್ಲ ಕೇಳುವಂತೆ ಅತ್ತಿತು. ಅದು ಅತ್ತು ಹಗುರಾಗುತ್ತಿದ್ದಂತೆ, ಬೇಲಿಯ ಬಳಿ ಬೆನ್ನು ತಿರುಗಿಸಿ ನಿಂತಿದ್ದ ಹುಂಜ ಮೆಲ್ಲಗೆ ಹತ್ತಿರ ಬಂದಿತು.

“ಮರೀ, ನಾನೂ ನಿಮ್ಮ ಜೊತೆ ಸ್ವಲ್ಪ ಹೊತ್ತು ಕೂರಲೇ?”