ಮೂಗಿನೊಳಗಿನ ಕಡಲೆಕಾಳು

"ಕೀಳುವುದು ತಪ್ಪೇ, ಗುರುಗಳೇ?" ಎಂದು ಶಿಷ್ಯೆಯೊಬ್ಬಳು ಕೇಳಿದಳು. "ಕಾಲಿಗೆ ಚುಚ್ಚಿದ ಮುಳ್ಳನ್ನು ಕೀಳುತ್ತೇವೆ. ಹೊಲದ ಕಳೆಯನ್ನು ಕೀಳುತ್ತೇವೆ. ಹುಳುಕು ಹಲ್ಲನ್ನು ಕೀಳುತ್ತೇವೆ. ಆಗ ಯಾರೂ ಬೇಡ ಎನ್ನುವುದಿಲ್ಲ. ನನ್ನ ಮಗಳ ಹಟವನ್ನು ಕೀಳಹೊರಟರೆ ಮಾತ್ರ ಊರೆಲ್ಲ ಅದಕ್ಕೆ ಬಲವಂತ ಎಂದು ಹೆಸರಿಡುತ್ತದೆ. ಎರಡಕ್ಕೂ ವ್ಯತ್ಯಾಸವೇನು?"

ಗುರುಗಳು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಗಾಣಿಗನಿದ್ದ. ಅವನಿಗೂ ಅವನ ಹೆಂಡತಿಗೂ ನಾಲ್ಕು ವರ್ಷದ ಒಬ್ಬಳೇ ಮಗಳು. ಒಂದು ಬೆಳಿಗ್ಗೆ ತಾಯಿ ಮೊರದಲ್ಲಿ ಕಡಲೆಕಾಳು ಕೇರುತ್ತಿದ್ದಳು. ಮಗಳು ಓಡಿ ಬಂದು, "ಅವ್ವಾ, ನನ್ನ ಮೂಗಿನೊಳಗೆ ಕಡಲೆ ಕೂತಿದೆ" ಎಂದು ನಗುತ್ತ ಹೇಳಿದಳು.

ತಾಯಿ ಮೊರ ಬಿಸುಟು ಎದ್ದಳು. ನೀರು ಸೋಕಿದರೆ ಕಾಳು ಉಬ್ಬುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ವಾರಕ್ಕೆರಡು ಸಲ ಅವಳೇ ನೆನೆಹಾಕುತ್ತಿದ್ದಳು.

ಮನೆಯವರೆಲ್ಲ ಒಂದೇ ಗಳಿಗೆಯಲ್ಲಿ ವೈದ್ಯರಾದರು. ಅತ್ತೆ ನಶ್ಯ ಮೂಸಿಸಿದಳು. ಗಂಡ ಮಗುವನ್ನು ತಲೆಕೆಳಗೆ ಹಿಡಿದು ಕುಲುಕಿದ. ಮಗು ಸೀನಿತು, ಅತ್ತಿತು. ಕಾಳು ಮಾತ್ರ ಕದಲಲಿಲ್ಲ. ಕೊನೆಗೆ ಗಂಡ ಕಾಲು ಹಿಡಿದ, ಅತ್ತೆ ತಲೆ ಹಿಡಿದಳು, ತಾಯಿ ಕಿವಿಯ ಗುಗ್ಗೆ ತೆಗೆಯುವ ಕಡ್ಡಿ ಹಿಡಿದಳು.

"ಬೇಡ ಅವ್ವಾ!" ಎಂದು ಮಗು ಚೀರಿತು.

"ನಿನ್ನ ಒಳ್ಳೆಯದಕ್ಕೇ ಕಣೇ" ಎಂದಳು ತಾಯಿ. ಕಡ್ಡಿ ಬಿಡಲಿಲ್ಲ. ಮಗು ಕಚ್ಚಿತು, ಒದೆಯಿತು, ಆಮೇಲೆ ಸೋತು ಸುಮ್ಮನಾಯಿತು. ಕಾಳು ಬಂತು. ಅದರ ಜೊತೆಗೆ ರಕ್ತವೂ ಬಂತು.

"ಗಟ್ಟಿಗಿತ್ತಿ ನೀನು" ಎಂದು ಅತ್ತೆ ಸೊಸೆಯನ್ನು ಮೊದಲ ಸಲ ಹೊಗಳಿದಳು. ಸೊಸೆ ಕಾಳನ್ನು ಅಂಗೈಯಲ್ಲಿಟ್ಟುಕೊಂಡು ಹೋಗಿ ನೆರೆಮನೆಯವರಿಗೆಲ್ಲ ತೋರಿಸಿ ಬಂದಳು. ಮಗು ಗೋಡೆಗೆ ಮುಖಮಾಡಿ ಮಲಗಿತ್ತು.

ಎರಡು ತಿಂಗಳು ಕಳೆದವು. ಮಗಳು ಹತ್ತಿರ ಬಂದರೆ ಏನೋ ಕೊಳೆತ ವಾಸನೆ. ತಾಯಿ ತಲೆಗೆ ಎರೆದಳು, ಬಟ್ಟೆ ಒಗೆದಳು, ಹಾಸಿಗೆಯನ್ನು ಬಿಸಿಲಿಗೆ ಹಾಕಿದಳು. ವಾಸನೆ ಹೋಗಲಿಲ್ಲ. ಆಮೇಲೆ ಒಂದೇ ಹೊಳ್ಳೆ ಸೋರುವುದು ಕಣ್ಣಿಗೆ ಬಿತ್ತು. ಹಣೆ ಮುಟ್ಟಿದರೆ ಸುಡುತ್ತಿತ್ತು.

"ಮತ್ತೆ ಏನಾದರೂ ಹಾಕಿಕೊಂಡೆಯಾ?"

"ಇಲ್ಲ."

"ನಿಜ ಹೇಳು."

"ಏನೂ ಇಲ್ಲವ್ವಾ." ಹಾಗೆನ್ನುತ್ತ ಮಗಳು ಎರಡೂ ಕೈಯಿಂದ ಮೂಗು ಮುಚ್ಚಿಕೊಂಡಳು. ತಾಯಿ ಕಡ್ಡಿ ಹುಡುಕಲು ಎದ್ದದ್ದೇ ತಡ, ಓಡಿಹೋಗಿ ಗಾಣದ ಹಿಂದೆ ಸೇರಿಕೊಂಡಳು. ಊಟಕ್ಕೆ ಕರೆದರೂ ಬರಲಿಲ್ಲ. ಬೆಲ್ಲ ತೋರಿಸಿದರೂ ಬರಲಿಲ್ಲ.

"ಎಳೆದು ತರಲೇ?" ಎಂದ ಗಂಡ.

ತಾಯಿಗೆ ಹೂಂ ಎನ್ನಲೂ ಭಯ, ಊಹೂಂ ಎನ್ನಲೂ ಭಯ. ಎಳೆದರೆ, ಅಳುವ ಭರದಲ್ಲಿ ಮಗು ಅದನ್ನು ಇನ್ನೂ ಒಳಕ್ಕೆ ಸೇದಿಕೊಂಡರೆ? ಬಿಟ್ಟರೆ, ಜ್ವರ ತಲೆಗೇರಿದರೆ? ಕಡ್ಡಿ ಹಿಡಿದುಕೊಂಡು ಅವಳು ಬಾಗಿಲಲ್ಲೇ ನಿಂತಳು.

ಅಷ್ಟರಲ್ಲಿ ಬಳೆ ಮಾರುವ ಮುದುಕಿಯೊಬ್ಬಳು ನೀರು ಕೇಳಿಕೊಂಡು ಬಂದಳು. ಅವಳು ತಾಯಿಯ ಮುಖ ನೋಡಿದಳು, ಕೈಯಲ್ಲಿದ್ದ ಕಡ್ಡಿ ನೋಡಿದಳು, ಗಾಣದ ಹಿಂದೆ ಕಾಣುತ್ತಿದ್ದ ಪುಟ್ಟ ಕಾಲು ನೋಡಿದಳು. ಏನನ್ನೂ ಕೇಳಲಿಲ್ಲ. ಗಾಣದ ಪಕ್ಕದಲ್ಲಿ ಕುಳಿತು ಬಳೆ ಜೋಡಿಸತೊಡಗಿದಳು.

"ನಾನು ಚಿಕ್ಕವಳಿದ್ದಾಗ ಹುಣಸೆಬೀಜವನ್ನು ಮೂಗಿಗೆ ಹಾಕಿಕೊಂಡಿದ್ದೆ" ಎಂದು ತನ್ನಷ್ಟಕ್ಕೆ ಹೇಳಿಕೊಂಡಳು.

ಸ್ವಲ್ಪ ಹೊತ್ತಾಯಿತು. "ಅಬ್ಬಾ, ಅಷ್ಟು ದೊಡ್ಡದಾ?" ಎಂದಿತು ಗಾಣದ ಹಿಂದಿನ ದನಿ. "ನನ್ನದು ಬರೀ ಅಲಸಂದೆ."

"ಅಲಸಂದೆ ಊದಿದರೆ ಬರುತ್ತದೆ. ಬೇಕಾದರೆ ಊದುತ್ತೇನೆ. ಬೇಡವಾದರೆ ಇಲ್ಲ."

"ಕಡ್ಡಿ ಹಾಕಲ್ಲ ತಾನೇ?"

"ನನ್ನ ಹತ್ತಿರ ಇರುವುದು ಬಳೆ ಮಾತ್ರ, ನೋಡು."

ಮಗು ಹೊರಬಂದು ಅವಳೆದುರು ಕುಳಿತಿತು. ಮುದುಕಿ ಅದರ ಸರಿಯಿದ್ದ ಹೊಳ್ಳೆಯನ್ನು ಬೆರಳಿನಿಂದ ಒತ್ತಿ, ಬಾಯಿಗೆ ಬಾಯಿ ಇಟ್ಟು ಒಮ್ಮೆ ಊದಿದಳು. ಬರಲಿಲ್ಲ. ಮತ್ತೆ ಊದಿದಳು. ಬರಲಿಲ್ಲ. ಮೂರನೆಯ ಸಲಕ್ಕೆ ಕೊಳೆತು ಕಪ್ಪಾದ ಅಲಸಂದೆ ಮುದುಕಿಯ ಮಡಿಲಿಗೆ ಬಿತ್ತು.

ತಾಯಿ ಮಗಳನ್ನು ಬಾಚಿ ತಬ್ಬಿಕೊಂಡಳು. ಆಮೇಲೆ ಅವಳಿಗೆ ಅಳು ಬಂತು, ಸಿಟ್ಟೂ ಬಂತು. "ಹೆತ್ತವಳು ನಾನು. ಎದುರಿಗೇ ಇದ್ದೆ. ನನಗೆ ಹೇಳದೆ ದಾರಿಯಲ್ಲಿ ಹೋಗುವವಳಿಗೆ ಹೇಳಿದೆಯಲ್ಲೇ?"

"ನೀನು ಕೀಳ್ತೀಯ" ಎಂದಳು ಮಗಳು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

ಶಿಷ್ಯೆ ಬಿಡಲಿಲ್ಲ. "ಆದರೂ ಗುರುಗಳೇ, ಮೊದಲನೆಯ ಕಾಳನ್ನು ತಾಯಿ ಕಿತ್ತಿದ್ದರಿಂದಲೇ ಅಲ್ಲವೇ ಮಗು ಅಂದು ಉಳಿದದ್ದು? ಅವಳು ಮಾಡಿದ್ದರಲ್ಲಿ ತಪ್ಪೇನಿದೆ?"

ಗುರುಗಳು ಅವಳನ್ನೇ ನೋಡುತ್ತ ಕೇಳಿದರು: "ನಿನ್ನ ಮಗಳು ತಾನಾಗಿ ಓಡಿ ಬಂದು ನಿನಗೊಂದು ಮಾತು ಹೇಳಿ ಎಷ್ಟು ದಿನವಾಯಿತು?"