ಹನ್ನೊಂದು ಬಿರುದಿನ ಇಟ್ಟಿಗೆ

ಆಟದ ಪ್ಲಾಸ್ಟಿಕ್ ಇಟ್ಟಿಗೆಯ ಮೇಲೆ ಲೇಸರ್‌ನಿಂದ ಹೆಸರು ಕೆತ್ತುವುದರಲ್ಲಿ ನನ್ನನ್ನು ಮೀರಿಸುವವರು ಮೂರು ಲೋಕದಲ್ಲಿಲ್ಲ. ಮೆಷಿನ್ ಇರುವುದು ನಮ್ಮನೆ ಬಾಲ್ಕನಿಯಲ್ಲಿ. ಒಂದು ದಿನ ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷ ತಿಪ್ಪೇಶಪ್ಪನವರು ಬಂದರು.

"ವಾರ್ಷಿಕೋತ್ಸವಕ್ಕೆ ನಮ್ಮ ಕಟ್ಟಡದ ಮಾದರಿ ಕಟ್ಟಿ. ಒಂದೇ ಇಟ್ಟಿಗೆ ಮೇಲೆ ಹನ್ನೊಂದು ಬಿರುದು ಸಮೇತ ನನ್ನ ಹೆಸರು ಬರ್ಬೇಕು. ಒಂದು ಬಿಟ್ರೂ ನಿಮ್ಮ ಮೆಷಿನ್ ಗೇಟಿನಾಚೆ."

ಇಟ್ಟಿಗೆ ಇದ್ದದ್ದು ನನ್ನ ಹೆಬ್ಬೆರಳಿನ ಉಗುರಿನಷ್ಟು.

ಉತ್ಸವದ ದಿನ ಅಧ್ಯಕ್ಷರು ಕನ್ನಡಕ ಏರಿಸಿ ಮಾದರಿಗೆ ಎರಡು ಸುತ್ತು ಬಂದರು. "ನನ್ನ ಹೆಸರೆಲ್ರೀ?"

"ಅಡಿಗಲ್ಲಲ್ಲಿ ಸಾರ್, ಒಳಮುಖಕ್ಕೆ. ಐದು ಮಹಡಿಯೂ ತಮ್ಮ ಮೇಲೇ ನಿಂತಿವೆ. ಬೇಕಾದ್ರೆ ಕಿತ್ತು ನೋಡಿ."

ಕಿತ್ತರೆ ಕಟ್ಟಡ ಬೀಳುತ್ತದೆ. ಸಭೆಯೆಲ್ಲ ನೋಡುತ್ತಿದೆ. ಅವರು ಕೈ ಹಿಂದಕ್ಕೆ ಕಟ್ಟಿಕೊಂಡು, "ಇರ್ಲಿ ಬಿಡಿ, ಅಕ್ಷರ ಚೆನ್ನಾಗಿ ಬಂದಿದೆ" ಎಂದರು.

ಮೆಷಿನ್ ಈಗಲೂ ಬಾಲ್ಕನಿಯಲ್ಲೇ ಇದೆ. ಆ ಇಟ್ಟಿಗೆಯ ಮೇಲೆ ನಾನು ಒಂದು ಚುಕ್ಕೆಯನ್ನೂ ಕೆತ್ತಿರಲಿಲ್ಲ.